ಕುದುರೆ ಗಬ್ಬ ನಿಲ್ಲುತ್ತಿಲ್ಲ, ಯಾವ ಔಷಧ ಹಾಕಿಸಲಿ?

ಪ್ರಶ್ನೆ: ನಮ್ಮ ಹೆಣ್ಣು ಕುದುರೆಗೆ 14 ವರ್ಷ. ಹಿಂದೆ ಸಲೀಸಾಗಿ ಮರಿ ಹಾಕಿದೆ. ಈಗ 3 ಬೆದೆ ಕೂಡಿಸಿದರೂ ಗಬ್ಬ ನಿಂತಿಲ್ಲ. ಪ್ರತಿ ಸಲ ಗರ್ಭಕೋಶಕ್ಕೆ ಆಂಟಿಬಯಾಟಿಕ್ ಹಾಕಿಸಿದ್ದೇವೆ. ಬಾಲದ ಅಡಿಯ ಕೂದಲಿಗೆ ಏನೋ ಅಂಟಂಟಾಗಿ ಮೆತ್ತಿಕೊಂಡಿರುತ್ತದೆ. ಇನ್ನೂ ಜೋರಾದ ಔಷಧ ಇದೆಯೇ?

ಉತ್ತರ: ಮೊದಲು ಆ ಆಂಟಿಬಯಾಟಿಕ್ ನಿಲ್ಲಿಸಿ. ಒಳಗೆ ಯಾವ ರೋಗಾಣು ಇದೆ, ಅಸಲಿಗೆ ಇದೆಯೋ ಇಲ್ಲವೋ ಅಂತಲೇ ಗೊತ್ತಿಲ್ಲದೆ ಮೇಲಿಂದ ಮೇಲೆ ಔಷಧ ಸುರಿದರೆ ಗರ್ಭಕೋಶದಲ್ಲಿ ಫಂಗಸ್ ಬೇರೂರುವ ಅಪಾಯ ಇದೆ. ಅದನ್ನು ಓಡಿಸುವುದು ಬ್ಯಾಕ್ಟೀರಿಯಾ ಓಡಿಸಿದಷ್ಟು ಸುಲಭ ಅಲ್ಲ.

ನಿಮ್ಮ ಪತ್ರದಲ್ಲಿ ಕೆಲಸಕ್ಕೆ ಬರುವ ಮಾತು ಆ ಬಾಲದ ಅಂಟು. ಒಳಗಿನ ಸ್ರಾವ ಹೊರಗೆ ಬಂದು ಒಣಗುತ್ತಿದೆ ಅಂತ ಅನುಮಾನ. ಕುದುರೆಯನ್ನು ಒಬ್ಬರು ಹಿಡಿದುಕೊಂಡಿರಲಿ, ನೀವು ಪಕ್ಕದಲ್ಲಿ ನಿಂತು ಬಾಲ ಎತ್ತಿ ನೋಡಿ. ಯೋನಿಯ ತುಟಿಗಳು ನೆಟ್ಟಗೆ, ಒಂದಕ್ಕೊಂದು ಬಿಗಿಯಾಗಿ ಮುಚ್ಚಿಕೊಂಡಿರಬೇಕು. ವಯಸ್ಸಾದ, ಬಡಕಲಾದ ಕುದುರೆಗಳಲ್ಲಿ ಗುದದ್ವಾರ ಒಳಕ್ಕೆ ಹೋಗಿ, ತುಟಿಗಳ ಮೇಲ್ಭಾಗ ಇಳಿಜಾರಾಗಿ ಮಲಗಿಬಿಡುತ್ತದೆ. ಆಗ ಹಾಕಿದ ಲದ್ದಿ ನೇರ ಅದರ ಮೇಲೇ ಬೀಳುತ್ತದೆ. ತುಟಿಗಳನ್ನು ಮೆಲ್ಲಗೆ ಅಗಲಿಸಿದಾಗ ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳ ಸರಿಯಿಲ್ಲ ಎಂದೇ ಅರ್ಥ. ಗಾಳಿಯ ಜೊತೆ ಕೊಳೆಯೂ ಒಳಗೆ ಹೋಗುತ್ತಿರುತ್ತದೆ. ಇದಕ್ಕೆ ಯಾವ ಇಂಜೆಕ್ಷನ್ನೂ ಇಲ್ಲ, ಇರುವುದು ಕ್ಯಾಸ್ಲಿಕ್ ಎಂಬ ಹೊಲಿಗೆ. ಆ ಜಾಗವನ್ನಷ್ಟೇ ಮರಗಟ್ಟಿಸಿ, ತುಟಿಗಳ ಮೇಲ್ಭಾಗದ ಅಂಚು ಸ್ವಲ್ಪ ಕತ್ತರಿಸಿ ಸೇರಿಸಿ ಹೊಲಿಯುತ್ತಾರೆ. ಮರಿ ಹಾಕುವ ಮೊದಲು ಅದನ್ನು ಮರೆಯದೆ ಬಿಚ್ಚಿಸಬೇಕು, ಇಲ್ಲದಿದ್ದರೆ ಹೆರಿಗೆಯಲ್ಲಿ ಹರಿದುಹೋಗುತ್ತದೆ. ಕುದುರೆ ಬಡಕಲಾಗಿದ್ದರೆ ಮೈ ತುಂಬುವಂತೆ ಮೇವು ಹಾಕಿ. ಎಷ್ಟೋ ಸಲ ಅದರಿಂದಲೇ ಅರ್ಧ ಸರಿಹೋಗುತ್ತದೆ.

ಇನ್ನು ಪರೀಕ್ಷೆ. ಬೆದೆಯಲ್ಲಿದ್ದಾಗ ಗರ್ಭಕೋಶದ ಬಾಯಿ ಸಡಿಲವಾಗಿರುತ್ತದೆ, ಆಗ ಒಳಗಿಂದ ಸ್ವಾಬ್, ಅಂದರೆ ಹತ್ತಿಯ ಕಡ್ಡಿಯಲ್ಲಿ ಒರೆಸಿದ ಮಾದರಿ, ತೆಗೆಸಿ. ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಕಲ್ಚರ್ ಒಂದೇ ಸಾಲದು, ಜೀವಕೋಶಗಳ ಸ್ಲೈಡನ್ನೂ ನೋಡಿಸಿ. ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದು, ಸ್ಲೈಡಿನಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿರಕ್ತಕಣ ಇಲ್ಲದಿದ್ದರೆ ಅದು ಸ್ವಾಬ್ ಹಾಕುವಾಗ ಹೊರಗಿನಿಂದ ಹತ್ತಿದ ಕೊಳೆಯೂ ಇರಬಹುದು. ಜಾಸ್ತಿ ಸಿಗುವುದು ಸ್ಟ್ರೆಪ್ಟೋಕಾಕಸ್ ಮತ್ತು ಇ. ಕೋಲೈ. ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂದು ಲ್ಯಾಬ್ ಹೇಳಿದ ಮೇಲೆ ಆಂಟಿಬಯಾಟಿಕ್ ಹಾಕಿಸಿ, ನನ್ನ ಅಭ್ಯಂತರ ಇಲ್ಲ.

ಇಷ್ಟೆಲ್ಲ ಮಾಡಿ ಏನೂ ಸಿಗದಿದ್ದರೆ? 14 ವರ್ಷದ ಕುದುರೆಯಲ್ಲಿ ನನಗೆ ಹೆಚ್ಚು ಅನುಮಾನ ಬರುವುದೇ ಇಲ್ಲಿ. ಕೂಡಿಸಿದ ಮೇಲೆ ಪ್ರತಿ ಕುದುರೆಯ ಗರ್ಭಕೋಶವೂ ಸ್ವಲ್ಪ ಊದಿಕೊಳ್ಳುತ್ತದೆ, ವೀರ್ಯಾಣುವೇ ಅದಕ್ಕೆ ಕಾರಣ, ಆರೋಗ್ಯವಂತ ಗರ್ಭಕೋಶ ಒಂದೆರಡು ದಿನದಲ್ಲಿ ಎಲ್ಲವನ್ನೂ ಹಿಂಡಿ ಹೊರಹಾಕಿ ಸುಮ್ಮನಾಗುತ್ತದೆ, ಆದರೆ ವಯಸ್ಸಾದಂತೆ ಅದು ಜೋತುಬಿದ್ದು ಹಿಂಡುವ ಶಕ್ತಿ ಕಡಿಮೆಯಾಗಿ ನೀರು ಅಲ್ಲೇ ನಿಂತುಬಿಡುತ್ತದೆ. ಆ ನೀರಿನಲ್ಲಿ ಭ್ರೂಣ ಉಳಿಯುವುದಿಲ್ಲ. ಹಾಗಾಗಿ ಕೂಡಿಸಿದ ಮಾರನೇ ದಿನ ಸ್ಕ್ಯಾನ್ ಮಾಡಿಸಿ. 2 ಸೆಂಟಿಮೀಟರಿಗಿಂತ ಆಳದ ನೀರು ಕಂಡರೆ ಕಾರಣ ಬಹುಪಾಲು ಸಿಕ್ಕಂತೆ. ಚಿಕಿತ್ಸೆ ಸರಳ: ಲೀಟರುಗಟ್ಟಲೆ ಸ್ಟೆರೈಲ್ ಸಲೈನ್ ಹಾಕಿ, ವಾಪಸ್ ಬರುವ ನೀರು ತಿಳಿಯಾಗುವ ತನಕ ತೊಳೆಯುವುದು, ಮೇಲೆ ಆಕ್ಸಿಟೋಸಿನ್ ಕೊಟ್ಟು ಗರ್ಭಕೋಶ ಹಿಂಡಿಸುವುದು. ಮುಂದಿನ ಬೆದೆಯಲ್ಲಿ ನೀರು ತುಂಬುವ ತನಕ ಕಾಯುವುದೇ ಬೇಡ, ಕೂಡಿಸಿ 4ರಿಂದ 6 ಗಂಟೆ ಕಳೆದ ಮೇಲೆ ತೊಳೆಸಬಹುದು. ಅಯ್ಯೋ, ಮರಿಯೂ ತೊಳೆದುಹೋಗುತ್ತದಲ್ಲ ಎಂದು ಹೆದರಬೇಡಿ. ಅಂಡಾಣು ಬಿಡುಗಡೆಯಾಗಿ 5-6 ದಿನ ಆಗುವ ತನಕ ಭ್ರೂಣ ಗರ್ಭಕೋಶಕ್ಕೆ ಇಳಿಯುವುದೇ ಇಲ್ಲ, ನಳಿಕೆಯಲ್ಲೇ ಇರುತ್ತದೆ. ನೀರು ನಿಲ್ಲುವ ಕುದುರೆಯನ್ನು ಒಂದು ಬೆದೆಗೆ ಒಂದೇ ಸಲ, ಅಂಡಾಣು ಬಿಡುವ ಹೊತ್ತು ನೋಡಿಕೊಂಡು ಕೂಡಿಸಿ. ದಿನ ಬಿಟ್ಟು ದಿನ ಕೂಡಿಸಿದರೆ ಊತ ಇನ್ನೂ ಹೆಚ್ಚುತ್ತದೆ.

ಇದೂ ಫಲಿಸದಿದ್ದರೆ ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿ ಮಾಡಿಸಿ. ಒಂದನೇ ದರ್ಜೆ (ಪದರ ಚೆನ್ನಾಗಿದೆ) ಬಂದರೆ ಒಳ್ಳೆಯ ಆಸೆ, ಮೂರನೇ ದರ್ಜೆ (ಪದರ ತೀರಾ ಹಾಳಾಗಿದೆ) ಬಂದರೆ ಮರಿ ಸಿಗುವ ಸಾಧ್ಯತೆ ನೂರಕ್ಕೆ 10ಕ್ಕಿಂತ ಕಡಿಮೆ. ಬೇಸರದ ಸುದ್ದಿ ನಿಜ, ಆದರೆ ಖರ್ಚಿಗೆ ಮೊದಲು ತಿಳಿದರೆ ವಾಸಿ ಅಲ್ವಾ? ಹಾಗೇ, ಗಂಡು ಕುದುರೆಯ ವೀರ್ಯ ಪರೀಕ್ಷೆ ಆಗಿದೆಯಾ ಎಂದೂ ಕೇಳಿ. ಎಲ್ಲರೂ ಹೆಣ್ಣಿನ ಮೇಲೇ ಗೂಬೆ ಕೂರಿಸುತ್ತಾರೆ.

ಪ್ರಶ್ನೆ: ನಮ್ಮದು ಬೆದೆಗೇ ಬರುತ್ತಿಲ್ಲ. ಇಂಜೆಕ್ಷನ್ ಕೊಡಿಸಲೇ?

ಉತ್ತರ: ಸ್ಕ್ಯಾನ್ ಇಲ್ಲದೆ ಬೇಡ. ಗಬ್ಬವೇ ಆಗಿದ್ದರೆ ಬೆದೆ ತರಿಸಲು ಕೊಡುವ ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ನಿಗೆ ಗಬ್ಬ ಹೋಗಿಬಿಡಬಹುದು. ಕುದುರೆಗೆ ಹಗಲು ಉದ್ದವಾದಾಗಲೇ ಬೆದೆ ಶುರು, ಹಗಲು ಕಿರಿದಾಗುವ ದಿನಗಳಲ್ಲಿ ಹಲವು ಕುದುರೆಗಳ ಅಂಡಾಶಯ ಸುಮ್ನೆ ಮಲಗಿರುತ್ತದೆ. ಅಂಥದ್ದಕ್ಕೆ ಲಾಯದಲ್ಲಿ ದೀಪ ಹಾಕಿ ದಿನಕ್ಕೆ ಒಟ್ಟು 16 ಗಂಟೆ ಬೆಳಕು ಸಿಗುವಂತೆ ಮಾಡಬೇಕು. ಫಲ ಕಾಣಲು ಸುಮಾರು 2 ತಿಂಗಳು ಬೇಕು. ಅಂಡಾಣು ಬಿಟ್ಟ ಜಾಗದಲ್ಲಿ ಅಂಡಾಶಯದ ಮೇಲೆ ಮೂಡುವ ಹಳದಿ ಗಂಟು ಕರಗದೆ ಉಳಿದು ಬೆದೆ ತಡೆದಿದ್ದರೆ ಮಾತ್ರ ಪ್ರೊಸ್ಟಗ್ಲಾಂಡಿನ್ ಕೆಲಸ ಮಾಡುತ್ತದೆ. ಚುಚ್ಚಿದ ಮೇಲೆ ಕುದುರೆ ಸ್ವಲ್ಪ ಹೊತ್ತು ಬೆವರಬಹುದು. ಗರ್ಭಿಣಿಯರು, ಅಸ್ತಮಾ ಇರುವವರು ಆ ಸೀಸೆ ಮುಟ್ಟಲೇಬಾರದು. ಒಂದು ಅಂಡಾಶಯ ಚೆಂಡಿನಂತೆ ಊದಿ, ಇನ್ನೊಂದು ಮುರುಟಿ, ಹೆಣ್ಣು ಕುದುರೆ ಗಂಡಿನ ಹಾಗೆ ಆಡುತ್ತಿದ್ದರೆ ಗಡ್ಡೆ ಇರಬಹುದು. ಅದಕ್ಕೆ ಆಪರೇಷನ್ನೇ ದಾರಿ.

ಪ್ರಶ್ನೆ: 15ನೇ ದಿನ ಗಬ್ಬ ಎಂದರು, 45ನೇ ದಿನ ನೋಡಿದರೆ ಏನೂ ಇಲ್ಲ. ಮತ್ತೆ ಬೆದೆಗೂ ಬರುತ್ತಿಲ್ಲ. ಹೀಗೂ ಆಗುತ್ತಾ?

ಉತ್ತರ: ಆಗುತ್ತದೆ. ವಯಸ್ಸಾದ ಕುದುರೆಗಳಲ್ಲಿ ಜಾಸ್ತಿ. ಅವಳಿ ಇದ್ದರೂ ಗಬ್ಬ ನಿಲ್ಲುವುದು ಕಷ್ಟ. 14ರಿಂದ 16ನೇ ದಿನದೊಳಗಿನ ಸ್ಕ್ಯಾನ್‌ನಲ್ಲಿ ಅವಳಿ ಕಂಡರೆ ಡಾಕ್ಟರು ಒಂದನ್ನು ಕೈಯಿಂದಲೇ ಒತ್ತಿ ತೆಗೆಯಬಹುದು, ಆಮೇಲೆ ಅವು ಒಂದೇ ಕಡೆ ಅಂಟಿಕೊಂಡರೆ ಆ ಕೆಲಸ ಕಷ್ಟ. ಮುಂದಿನ ಸಲ 28-30ನೇ ದಿನ ಇನ್ನೊಂದು ಸ್ಕ್ಯಾನ್ ತಪ್ಪಿಸಬೇಡಿ. ಆಗ ಮರಿಯ ಎದೆಬಡಿತ ಕಾಣುತ್ತದೆ, ಹೋಗಿದ್ದರೆ ಬೇಗ ಮತ್ತೆ ಕೂಡಿಸಬಹುದು. 35ನೇ ದಿನದ ಸುಮಾರಿಗೆ ಗರ್ಭಕೋಶದಲ್ಲಿ ಬಟ್ಟಲಿನಂಥ ಗಂಟುಗಳು ಎದ್ದು ತಮ್ಮದೇ ಹಾರ್ಮೋನು ಸುರಿಸಲು ಶುರುಮಾಡುತ್ತವೆ. ಅದಾದ ಮೇಲೆ ಮರಿ ಹೋದರೂ ಅವು ಹೋಗುವುದಿಲ್ಲ. ಅವು ಒಣಗಲು ಸುಮಾರು 120ನೇ ದಿನ ದಾಟಬೇಕು, ಅಲ್ಲಿಯ ತನಕ ಸರಿಯಾದ ಬೆದೆ ಸಿಗುವುದು ಅಪರೂಪ. ನಿಮ್ಮ ಕುದುರೆಗೆ ಆಗಿರುವುದೂ ಬಹುಶಃ ಇದೇ.