ಎಡಮಿದುಳಿಗೆ ಪೆಟ್ಟು, ಮಲ್ಲಿಗೆ ಮುಟ್ಟದ ಕೈ

ಶಂಕರಪುರದ ಆಸುಪಾಸಿನ, ಐವತ್ತು ದಾಟಿದ ಮಹಿಳೆಯೊಬ್ಬರನ್ನು ಪಾರ್ಶ್ವವಾಯು ಬಡಿದ ಮೂರು ತಿಂಗಳ ಬಳಿಕ ಗಂಡ ಮತ್ತು ಮಗಳು ಉಡುಪಿಗೆ, ನನ್ನಲ್ಲಿಗೆ ಕರೆತಂದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಸುಕಿನಲ್ಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿ ಚೆಂಡು ಮಾಡುತ್ತಿದ್ದ ಬಲಗೈ ಈಗ ಬೆರಳು ಮಡಚಿಕೊಂಡು ಮಡಿಲಲ್ಲಿ ಬಿದ್ದಿತ್ತು. ಮಾತು ಒಂದೆರಡು ಪದಗಳಿಗೆ ಇಳಿದಿತ್ತು. ಊಟ ಸೇರುತ್ತಿರಲಿಲ್ಲ, ವ್ಯಾಯಾಮಕ್ಕೆ ಕರೆದರೆ ಗೋಡೆಯತ್ತ ಹೊರಳುತ್ತಿದ್ದರು.

ಗಂಡ ಇದನ್ನು ಹಠವೆಂದೇ ತಿಳಿದಿದ್ದರು; ನನಗೆ ಖಿನ್ನತೆಯ ಶಂಕೆ ಬಂತು. ಮಗಳ ಕೈಯಲ್ಲಿ ಸ್ಕ್ಯಾನ್ ವರದಿಯಿತ್ತು. “ಮಿದುಳಿನ ಎಡ ಮುಂಭಾಗಕ್ಕೇ ಪೆಟ್ಟಾಗಿದೆ ಮೇಡಂ, ಇನ್ನು ಅಮ್ಮ ಮೊದಲಿನ ಹಾಗೆ ಆಗುವುದುಂಟಾ?” ಎಂದು ಕೇಳಿದರು.

ಎಡ ಮುಂಭಾಗದ ಗಾಯಕ್ಕೂ ಖಿನ್ನತೆಗೂ ನಂಟಿದೆ ಎಂಬ ವಾದವನ್ನು 1980ರ ದಶಕದಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ರಾಬಿನ್ಸನ್ ಮತ್ತು ಸಂಗಡಿಗರು ಮುಂದಿಟ್ಟಿದ್ದರು; ಆದರೆ ಅನೇಕ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2000ದಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವರದಿಗೆ ಆ ನಂಟು ಸಿಗಲಿಲ್ಲ. ಪಾರ್ಶ್ವವಾಯುವಾದ ಮೂವರಲ್ಲಿ ಸುಮಾರು ಒಬ್ಬರನ್ನು ಖಿನ್ನತೆ ಕಾಡುತ್ತದೆ, ಬಲಮಿದುಳಿಗೆ ಪೆಟ್ಟಾದವರನ್ನೂ ಬಿಡುವುದಿಲ್ಲ. ಗಾಯದ ತೀವ್ರತೆ, ಪರಾವಲಂಬನೆ, ಹಿಂದೆ ಖಿನ್ನತೆಯಿದ್ದದ್ದು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಎಡಭಾಗದ ಪೆಟ್ಟಿನ ನಿಜವಾದ ತೊಡಕು ನನ್ನ ದೃಷ್ಟಿಯಲ್ಲಿ ಬೇರೆಯೇ: ಮಾತು ಹೋದವರು ದುಃಖವನ್ನು ಹೇಳಲಾರರು, ನಾವೂ ಕೇಳುವುದನ್ನು ಬಿಟ್ಟುಬಿಡುತ್ತೇವೆ.

ಹಾಗಾಗಿ ತಲೆಯಾಡಿಸಿ ಉತ್ತರಿಸಬಹುದಾದ ಪ್ರಶ್ನೆಗಳನ್ನೇ, ಒಂದೊಂದಾಗಿ, ಸಮಯ ಕೊಟ್ಟು ಕೇಳಿದೆ. ಬದುಕು ಬೇಡವೆನಿಸುತ್ತದೆಯೇ ಎಂದಾಗ ಅವರು ಮಗಳತ್ತ ನೋಡಿದರು. ಮನೆಯವರನ್ನು ಹೊರಗೆ ಕೂರಿಸಿ ಮತ್ತೆ ಕೇಳಿದಾಗ, ಹೌದೆಂದು ತಲೆಯಾಡಿಸಿ ಅತ್ತರು.

ಅಂದೇ ಮನೋವೈದ್ಯರ ಬಳಿಗೆ ಕಳುಹಿಸಿದೆ. ಒಂಟಿಯಾಗಿ ಬಿಡಬಾರದು, ಮಾತ್ರೆಗಳೆಲ್ಲ ಮಗಳ ಸುಪರ್ದಿಯಲ್ಲಿರಬೇಕು, ಅಪರಾತ್ರಿಯಲ್ಲಿ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬೇಕು ಎಂದು ತಿಳಿಸಿದೆ. ಖಿನ್ನತೆಯ ಕೆಲವು ಮಾತ್ರೆಗಳು ಆಸ್ಪಿರಿನ್ ಜೊತೆ ಸೇರಿದರೆ ರಕ್ತಸ್ರಾವದ ಸಂಭವ ಹೆಚ್ಚುವುದರಿಂದ, ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಚೀಟಿಯನ್ನು ವೈದ್ಯರಿಗೆ ತೋರಿಸಲು, ಗುಣ ಕಾಣಲು ಕೆಲವು ವಾರ ಬೇಕಾಗುವುದರಿಂದ ನಡುವೆ ನಿಲ್ಲಿಸದಿರಲು ಒತ್ತಿ ಹೇಳಿದೆ. “ಮನಸ್ಸು ಗಟ್ಟಿ ಮಾಡು” ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಬಾರದೆಂದು ಗಂಡನನ್ನು ಕೇಳಿಕೊಂಡೆ. ಕಾಲು ಮುರಿದವರಿಗೆ ಓಡು ಎಂದ ಹಾಗಾಗುತ್ತದೆ ಅದು.

ಆರನೆಯ ವಾರ ಊಟ, ನಿದ್ದೆ ಸುಧಾರಿಸಿದ್ದವು. ಈಗ ಬೆಳಗ್ಗೆ ಸ್ವಲ್ಪ ಹೊತ್ತು ಎಡಗೈಯಲ್ಲಿ ಮೊಗ್ಗು ಆರಿಸಿ ಬಾಳೆಲೆಯ ಮೇಲಿಡುತ್ತಾರೆ, ಕಟ್ಟುವ ಕೆಲಸ ಗಂಡನದು. ಗಂಟು ಸಡಿಲವಾದರೆ ಅವರ ಕೈ ತಟ್ಟಿ, “ಬಿಚ್ಚಿ” ಎನ್ನುತ್ತಾರಂತೆ.