ಕೇಂದ್ರದ ಕಾಯ್ದೆಯನ್ನು ರಾಜ್ಯ ತಿದ್ದಬಹುದೇ?

ಪ್ರಶ್ನೆ: ಪ್ರಾಣಿಹಿಂಸೆ ತಡೆಯುವ ಕಾಯ್ದೆ ಕೇಂದ್ರದ್ದು. ಹಾಗಿದ್ದೂ ಕಂಬಳಕ್ಕಾಗಿ ಕರ್ನಾಟಕ ಅದನ್ನು ತಿದ್ದಿದ್ದು ಹೇಗೆ?

ಉತ್ತರ: ಸಂವಿಧಾನದ 7ನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂದು ಮೂರಿದ್ದು, ಪ್ರಾಣಿಹಿಂಸೆ ತಡೆ ಸಮವರ್ತಿ ಪಟ್ಟಿಗೆ ಸೇರಿರುವುದರಿಂದ ಸಂಸತ್ತಿಗೂ ವಿಧಾನಮಂಡಲಕ್ಕೂ ಆ ಬಗ್ಗೆ ಶಾಸನ ಮಾಡುವ ಅಧಿಕಾರವಿದೆ. ಎರಡೂ ಶಾಸನಗಳ ನಡುವೆ ಘರ್ಷಣೆ ಬಂದರೆ ಸಾಮಾನ್ಯವಾಗಿ ಕೇಂದ್ರದ್ದೇ ಮೇಲು. ಆದರೆ ರಾಜ್ಯದ ಮಸೂದೆಯನ್ನು ರಾಷ್ಟ್ರಪತಿಯವರ ಪರಿಶೀಲನೆಗೆ ಕಾಯ್ದಿರಿಸಿ ಅಂಕಿತ ಪಡೆದಿದ್ದರೆ, 254(2)ನೇ ವಿಧಿಯಂತೆ ಆ ರಾಜ್ಯದೊಳಗೆ ರಾಜ್ಯದ ಶಾಸನವೇ ನಡೆಯುತ್ತದೆ. 1960ರ ಕೇಂದ್ರ ಕಾಯ್ದೆಗೆ ಕರ್ನಾಟಕ 2017ರಲ್ಲಿ ತಂದ ತಿದ್ದುಪಡಿ ಸಾಗಿದ್ದು ಈ ದಾರಿಯಲ್ಲೇ. ಕರಾವಳಿಯ ಕೆಸರುಗದ್ದೆಯಲ್ಲಿ ಕೋಣಗಳು ಓಡಲು ದೆಹಲಿಯ ಅಂಕಿತ ಬೇಕಾಯಿತೆಂಬುದು ಸ್ವಾರಸ್ಯವೇ ಸರಿ. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೂ ಸಂಸತ್ತು ಮುಂದೆಂದಾದರೂ ಹೊಸ ಶಾಸನ ತಂದು ಇದನ್ನು ರದ್ದುಪಡಿಸಲು ಅದೇ ವಿಧಿ ಅವಕಾಶ ಉಳಿಸಿದೆ.