ಆ ಬೋರ್ಡುಗಳನ್ನು ಬೇಸಿಗೆಯಲ್ಲೇ ನೋಡು

ಅಕ್ಕಾ ಅಂತ ಕರೆದು ಕೇಳಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಜೂನ್‌ನಲ್ಲಿ ಷಿಕಾಗೋಗೆ ಬರುತ್ತಿದ್ದೀಯ. ಬಾಡಿಗೆ ಹೇಗೆ, ಕಾರು ಬೇಕೇ ಬೇಕಾ, ಚಳಿ ತಡೆಯೋಕಾಗುತ್ತಾ ಅಂತ ಕೇಳಿದ್ದೀಯ. ಕೊನೆಯಲ್ಲಿ ಇನ್ನೊಂದು: ಬಂದ ವಾರವೇ ಆಫೀಸಿನವರು ಹಾಟ್ ಡಾಗ್ (ಬನ್ನಿನೊಳಗೆ ಸಾಸೇಜ್, ಅಂದರೆ ಅರೆದ ಮಾಂಸದ ಉರುಳೆ ಇಟ್ಟ ತಿಂಡಿ) ಅಂಗಡಿಗೆ ಕರೆದಿದ್ದಾರೆ, ನೀನು ದನದ ಮಾಂಸ ಮುಟ್ಟುವುದಿಲ್ಲ, ಆದರೆ ಹಳೇ ಬೋರ್ಡುಗಳ ಫೋಟೋ ತೆಗೆಯುವ ಹುಚ್ಚಿದೆ. ಹೋಗಲಾ, ಬೇಡವಾ?

ಮೊದಲ ಮೂರಕ್ಕೆ ಬೇಗ ಹೇಳಿಬಿಡುತ್ತೇನೆ. ಬಾಡಿಗೆ ಆಫೀಸು ಎಲ್ಲಿದೆ ಅನ್ನುವುದರ ಮೇಲೆ. ಊರೊಳಗಿದ್ದರೆ ರೈಲು, ಬಸ್ಸಲ್ಲೇ ನಡೆಯುತ್ತದೆ. ಊರಾಚೆಯ ನೇಪರ್‌ವಿಲ್, ಷಾಂಬರ್ಗ್ ಕಡೆಯಾದರೆ ಕಾರು ಬೇಕು. ದಪ್ಪ ಜಾಕೆಟ್ ಅಲ್ಲಿಂದ ಹೊತ್ತು ತರಬೇಡ, ಇಲ್ಲೇ ತಗೋ. ಸೂಟ್‌ಕೇಸಿನಲ್ಲಿ ಉಳಿದ ಜಾಗಕ್ಕೆ ಚಟ್ನಿಪುಡಿ ತುಂಬಿಸು.

ಇನ್ನು ಹಾಟ್ ಡಾಗ್ ವಿಷಯ. ಹೋಗು, ಖಂಡಿತ ಹೋಗು.

ನಾನು ಬಂದ ಹೊಸದರಲ್ಲಿ ಒಂದು ರಾತ್ರಿ ಮಿಲ್ವಾಕಿ ಅವೆನ್ಯೂನಲ್ಲಿ ಹೋಗುತ್ತಿದ್ದಾಗ ಒಂದು ಅಂಗಡಿಯ ಸೂರಿನ ಮೇಲೆ ಎರಡು ಭಾರೀ ಗೊಂಬೆ ಕಂಡವು. ನಮ್ಮ ದಸರಾ ಮೆರವಣಿಗೆಯ ಗಾರುಡಿ ಗೊಂಬೆಗಳ ಹಾಗೆ. ಒಂದು ಗಂಡು, ಒಂದು ಹೆಣ್ಣು, ಎರಡೂ ಹಾಟ್ ಡಾಗ್! ಗಂಡಿಗೆ ಚಿರತೆ ಚರ್ಮದ ಉಡುಪು, ಹೆಣ್ಣಿಗೆ ಲಂಗ. ಕಣ್ಣಲ್ಲಿ ದೀಪ ಬೇರೆ ಮಿಟುಕುತ್ತಿತ್ತು. ಅದು ಸೂಪರ್‌ಡಾಗ್. 1948ರಲ್ಲಿ ಮಾರಿ ಬರ್ಮನ್, ಫ್ಲಾರಿ ಬರ್ಮನ್ ಅನ್ನುವ ಗಂಡ ಹೆಂಡತಿ ಶುರು ಮಾಡಿದ್ದು. ಆತ ಯುದ್ಧ ಮುಗಿಸಿ ಬಂದು ಓದುತ್ತಿದ್ದ, ಬೇಸಿಗೆಯಲ್ಲಿ ನಾಲ್ಕು ಕಾಸು ಆಗಲಿ ಅಂತ ಅಂಗಡಿ ಹಾಕಿದ. ಆ ಗೊಂಬೆಗಳು ಅವರಿಬ್ಬರೇ. ಈಗಲೂ ಕಾರಿನಲ್ಲೇ ಕೂತು ಸ್ಪೀಕರಿನಲ್ಲಿ ಹೇಳಿದರೆ ತಟ್ಟೆ ಕಾರಿನ ಹತ್ತಿರಕ್ಕೇ ಬರುತ್ತದೆ.

ಇಷ್ಟು ದೊಡ್ಡ ಗೊಂಬೆ ಯಾಕೆ ಅಂತೀಯಾ? ಕಾರು ಓಡಿಸುವವನು ಅಕ್ಷರ ಓದುತ್ತಾ ಕೂರುವುದಿಲ್ಲ. ಅಂಗಡಿ ದೂರದಿಂದಲೇ ಕಾಣಬೇಕು, ಬ್ರೇಕ್ ಹಾಕುವಷ್ಟು ಮೊದಲೇ ಮನಸ್ಸು ಮಾಡಿಸಬೇಕು. ಷಿಕಾಗೋದಿಂದ ಹೊರಡುವ ರೂಟ್ 66 ಅನ್ನುವ ಹಳೇ ಹೆದ್ದಾರಿ ಉದ್ದಕ್ಕೂ ಇದೇ ಪೈಪೋಟಿ ಇತ್ತು. ಷಿಕಾಗೋ ಪಕ್ಕದ ಸಿಸೆರೋದಲ್ಲಿ ಒಂದು ಅಂಗಡಿಯವರು ಪಾಲ್ ಬನ್ಯನ್ ಅನ್ನುವ, ಇಲ್ಲಿಯ ಜನಪದ ಕತೆಯ ಮರ ಕಡಿಯುವ ದೈತ್ಯನ 19 ಅಡಿ ಪ್ರತಿಮೆ ನಿಲ್ಲಿಸಿ, ಕೊಡಲಿ ಇರಬೇಕಾದ ಕೈಗೆ ಹಾಟ್ ಡಾಗ್ ಕೊಟ್ಟಿದ್ದರು. ಹೊಸ ಹೆದ್ದಾರಿ ಬಂದ ಮೇಲೆ ಹಳೇ ರಸ್ತೆಯ ಗಿರಾಕಿ ಕಡಿಮೆಯಾದರು. 1985ರಲ್ಲಿ ರೂಟ್ 66 ಸರ್ಕಾರಿ ಪಟ್ಟಿಯಿಂದಲೇ ಹೋಯಿತು. ಅಂಗಡಿ ಮುಚ್ಚಿದ ಮೇಲೆ ಆ ದೈತ್ಯ 2003ರಲ್ಲಿ ಇಲಿನಾಯ್‌ನ ಅಟ್ಲಾಂಟಾ ಅನ್ನುವ ಚಿಕ್ಕ ಊರಿಗೆ ಹೋದ. ಜಾರ್ಜಿಯಾದ ಅಟ್ಲಾಂಟಾ ಅಲ್ಲ, ಮತ್ತೆ ಅಲ್ಲಿಗೆ ಟಿಕೆಟ್ ತೆಗೆದೀಯ!

ಊರು ತುಂಬಾ ಕಾಣುವ ಹಳದಿ ಬೋರ್ಡು ವಿಯೆನ್ನಾ ಬೀಫ್ ಕಂಪನಿಯದು. ಆಸ್ಟ್ರಿಯಾ-ಹಂಗೇರಿಯಿಂದ ವಲಸೆ ಬಂದ ಇಬ್ಬರು 1893ರ ಷಿಕಾಗೋ ಮೇಳದಲ್ಲಿ ಸಾಸೇಜ್ ಮಾರಿ ಹೆಸರಾದರು. ನಮ್ಮ ವಿವೇಕಾನಂದರು ಭಾಷಣ ಮಾಡಿದ ವರ್ಷವೇ. ನಾವು ಆ ವರ್ಷವನ್ನು ಒಂದು ಕಾರಣಕ್ಕೆ ನೆನೆಯುತ್ತೇವೆ, ಇಲ್ಲಿಯವರು ಇನ್ನೊಂದಕ್ಕೆ. ಅವರ ಸಾಸೇಜು ಪೂರ್ತಿ ದನದ್ದೇ. ಹಾಗಾಗಿ ಇದು ನೆನಪಿಡು: ಇಲ್ಲಿ ಬರೀ ಹಾಟ್ ಡಾಗ್ ಅಂದರೆ ದನ ಅಂತಲೇ ತಿಳಿ. ಕೋಳಿಯದು ಇರಬಹುದು ಅಂತ ಅಂದಾಜು ಮಾಡಬೇಡ.

ನೀನು ತಿನ್ನಬಹುದಾದ್ದೂ ಇದೆ. ಗಸಗಸೆ ಅಂಟಿಸಿದ ಬನ್ನು, ಸಾಸಿವೆ, ಈರುಳ್ಳಿ, ಎದ್ದು ಕಾಣುವ ಹಸಿರು ರೆಲಿಷ್ (ಸಣ್ಣಗೆ ಹೆಚ್ಚಿದ ಸಿಹಿ ಉಪ್ಪಿನಕಾಯಿ), ಟೊಮೆಟೊ, ಉಪ್ಪಿನಲ್ಲಿ ಹಾಕಿದ ಸೌತೆ, ಖಾರದ ಪುಟ್ಟ ಮೆಣಸಿನಕಾಯಿ, ಮೇಲೆ ಸೆಲರಿ ಉಪ್ಪು. 1929ರ ಸುಮಾರಿಗೆ ಆರ್ಥಿಕ ಕುಸಿತದ ಕಾಲದಲ್ಲಿ ಮ್ಯಾಕ್ಸ್‌ವೆಲ್ ಸ್ಟ್ರೀಟ್‌ನಲ್ಲಿ ಐದು ಸೆಂಟಿಗೆ ಹೊಟ್ಟೆ ತುಂಬಲಿ ಅಂತ ಇಷ್ಟೆಲ್ಲ ತರಕಾರಿ ಪೇರಿಸಿ ಕೊಡುತ್ತಿದ್ದರಂತೆ. ಸಾಸೇಜ್ ಬೇಡ, ಉಳಿದದ್ದೆಲ್ಲ ಹಾಕಿ ಅಂತ ಹೇಳು, ಸಂಕೋಚ ಬೇಡ. ಕೆಚಪ್ ಮಾತ್ರ ಕೇಳಬೇಡ, ಇಲ್ಲಿಯವರಿಗೆ ಅದು ಜಾತಿ ಕೆಟ್ಟ ಹಾಗೆ. ಇನ್ನೊಂದು, ಆಲೂ ಫ್ರೈಸ್ ಯಾವ ಎಣ್ಣೆಯಲ್ಲಿ ಕರಿದದ್ದು ಅಂತ ಕೇಳು. ಕೆಲವು ಕಡೆ ದನದ ಕೊಬ್ಬಲ್ಲೇ ಕರಿಯುತ್ತಾರೆ. ನನಗೆ ಇದು ಒಂದು ಕಡೆ ಅರ್ಧ ಪೊಟ್ಟಣ ಖಾಲಿಯಾದ ಮೇಲೆ ಗೊತ್ತಾಯಿತು. ಅತ್ತೆಗೆ ಇವತ್ತಿಗೂ ಹೇಳಿಲ್ಲ.

ಈಗ ಬೋರ್ಡಿನ ವಿಷಯ. ನಮ್ಮಪ್ಪ ಹಾಸನದಲ್ಲಿ ಬೋರ್ಡು ಬರೆಯುತ್ತಿದ್ದವರು. ಫ್ಲೆಕ್ಸ್ ಬಂದ ಮೇಲೆ ಬ್ರಷ್ ತೊಳೆದಿಟ್ಟರು. ನನ್ನ ಬಾಣಂತನಕ್ಕೆ ಅಮ್ಮನ ಜೊತೆ ಬಂದರು, ಅದೂ ಜನವರಿಯಲ್ಲಿ. ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ಯುವಾಗ ದಾರಿಯಲ್ಲಿ ಚಳಿಗಾಲಕ್ಕೆಂದು ಮುಚ್ಚಿದ ಒಂದು ಪುಟ್ಟ ಹಾಟ್ ಡಾಗ್ ಅಂಗಡಿ. ನಿಯಾನ್ ಅಲ್ಲ, ಹಲಗೆಯ ಮೇಲೆ ಕೈಬರಹ. ಕೆಂಪು ಅಕ್ಷರ, ಅದರ ಪಕ್ಕಕ್ಕೆ ನೆರಳಿನ ಹಾಗೆ ಕಪ್ಪು ಶೇಡ್. ಅಪ್ಪ ಕಾರು ನಿಧಾನ ಮಾಡಿಸಿದರು.

"ನೋಡು, ಶೇಡ್ ಎಡಕ್ಕೇ ಎಳೆದಿದ್ದಾನೆ. ಇಂಗ್ಲಿಷ್ ಅಕ್ಷರಕ್ಕೆ ನಾವೂ ಹಾಗೇ ಹಾಕ್ತಿದ್ವಿ. ಎಡಕ್ಕಾದರೆ ಗೆರೆ ಕಡಿಮೆ ಸಾಕು, ಕೆಲಸ ಬೇಗ ಮುಗಿಯುತ್ತೆ."

ಇಳಿದು ಹತ್ತಿರದಿಂದ ನೋಡೋಣ ಅಂದರು. ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗೆ, ಹಿಂದಿನ ಸೀಟಿನಲ್ಲಿ ಎಳೆ ಕೂಸು. ಬೇಸಿಗೆಯಲ್ಲಿ ಮತ್ತೆ ಬನ್ನಿ ಅಪ್ಪಾ, ಎಲ್ಲ ತೋರಿಸ್ತೀನಿ ಅಂದೆ. ಆಮೇಲೆ ಅವರಿಗೆ ಮಂಡಿ ನೋವು ಶುರುವಾಯಿತು, ಅಷ್ಟರಲ್ಲಿ ಕೊರೊನಾ, ಈಗ ಹಾಸನದಿಂದ ಬೆಂಗಳೂರಿಗೆ ಬರುವುದೇ ಕಷ್ಟ. ಆ ಅಂಗಡಿಯನ್ನೂ ಕೆಡವಿದರು. ಈಗ ನಾನು ಎಲ್ಲಿ ಹಳೇ ಬೋರ್ಡು ಕಂಡರೂ ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಎನಾಮಲ್ಲಾ, ಎಷ್ಟು ಕೋಟ್ ಇರಬಹುದು, ಕೈಯಲ್ಲಿ ಉಗುರಿಂದ ಕೆರೆದು ನೋಡು ಅನ್ನುತ್ತಾರೆ. ಅಂಗಡಿಯವರ ಎದುರಿಗೆ ಗೋಡೆ ಕೆರೆಯೋದು ಹೇಗೆ ಹೇಳು!

ಅದಕ್ಕೇ ಹೇಳುವುದು. ಅಪ್ಪ ಅಮ್ಮನನ್ನು ಕರೆಸುವುದಾದರೆ ಮೇ ಕೊನೆಯಿಂದ ಸೆಪ್ಟೆಂಬರ್ ಒಳಗೆ ಕರೆಸು. ವೀಸಾ ಕೆಲಸ ಈಗಲೇ ಶುರು ಮಾಡು, ತಡವಾಗುತ್ತದೆ. ಫೋಟೋಗೆ ಸಂಜೆ ಕತ್ತಲಾಗುವ ಮುಂಚಿನ ಹೊತ್ತು ಒಳ್ಳೆಯದು, ಆಗ ನಿಯಾನ್ ಹತ್ತಿರುತ್ತದೆ, ಗೋಡೆಯ ಬಣ್ಣವೂ ಕಾಣುತ್ತದೆ. ಜೇಬಿನಲ್ಲಿ ಸ್ವಲ್ಪ ನಗದು ಇಟ್ಟುಕೋ.

ಬಂದಿಳಿದ ಮೇಲೆ ಫೋನ್ ಮಾಡು. ಆ ದೈತ್ಯ ಇರುವ ಅಟ್ಲಾಂಟಾ ಎರಡೂವರೆ ಗಂಟೆ ದಾರಿ, ಒಂದು ಶನಿವಾರ ನಮ್ಮ ಕಾರಲ್ಲೇ ಹೋಗಿಬರೋಣ. ಪುಳಿಯೋಗರೆ ನಾನು ಕಟ್ಟುತ್ತೇನೆ, ಕ್ಯಾಮೆರಾ ನೀನು ತಾ.